ಉಳಿದ ದೂರ ಎಷ್ಟು? ಬೆಂಗಳೂರಿನಿಂದ ಜಿದ್ದಾಕ್ಕೆ ಹೊರಟ ಸಹೋದರಿಯರಿಗೆ

ಕಳೆದ ಚಳಿಗಾಲದಲ್ಲಿ ಪಕ್ಕದ ಮನೆಯ ಖಾಲಾ ಉಮ್ರಾದ ಟಿಕೆಟ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಕನ್ನಡಕ ಏರಿಸಿಕೊಂಡು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೇಳಿದರು: "ಬೇಟಿ, ಹೋಗುವಾಗ ಬೆಳಿಗ್ಗೆ ಹತ್ತಕ್ಕೆ ಹೊರಟು ಮಧ್ಯಾಹ್ನ ಒಂದೂವರೆಗೆ ಜಿದ್ದಾ ಮುಟ್ಟುತ್ತದೆ ಅಂತ ಬರೆದಿದೆ. ಬರುವಾಗ ಮಧ್ಯಾಹ್ನ ಮೂರಕ್ಕೆ ಹೊರಟು ರಾತ್ರಿ ಹನ್ನೊಂದಕ್ಕೆ ಬೆಂಗಳೂರು. ಹೋಗಲು ಮೂರೂವರೆ ಗಂಟೆ, ಬರಲು ಎಂಟು ಗಂಟೆ! ಬರುವಾಗ ವಿಮಾನ ಎಲ್ಲಾದರೂ ಸುತ್ತು ಹಾಕಿಕೊಂಡು ಬರುತ್ತದೋ?"

ನಗಬೇಡಿ ಸಹೋದರಿಯರೇ. ಕಾಲೇಜು ಓದಿದ ಹುಡುಗಿಯರೂ ನನ್ನಲ್ಲಿ ಈ ಪ್ರಶ್ನೆ ಕೇಳಿದ್ದಾರೆ. ಖಾಲಾ ಲೆಕ್ಕ ಮಾಡಿದ್ದು ಸರಿಯಾಗಿಯೇ ಇತ್ತು. ಆದರೆ ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಒಂದು ದೇಶದ ಗಡಿಯಾರದ್ದು, ತಲುಪುವ ಹೊತ್ತು ಇನ್ನೊಂದು ದೇಶದ ಗಡಿಯಾರದ್ದು. ಅದನ್ನು ಅಲ್ಲಿ ಯಾರೂ ಬಿಡಿಸಿ ಬರೆದಿರುವುದಿಲ್ಲ.

ಭೂಮಿ ಒಂದು ಸುತ್ತು ತಿರುಗಲು 24 ಗಂಟೆ. ಒಂದು ಸುತ್ತು ಎಂದರೆ 360 ಡಿಗ್ರಿ. ಹಾಗಾದರೆ ಒಂದು ಗಂಟೆಗೆ 15 ಡಿಗ್ರಿ. ನಮ್ಮ ದೇಶದ ಗಡಿಯಾರವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದಾರೆ, ಸೌದಿ ಗಡಿಯಾರವನ್ನು 45 ಡಿಗ್ರಿಗೆ. ನಡುವಿನ ಅಂತರ 37.5 ಡಿಗ್ರಿ, ಅಂದರೆ ಸರಿಯಾಗಿ ಎರಡೂವರೆ ಗಂಟೆ. ನಮ್ಮಲ್ಲಿ ನಾಲ್ಕು ಗಂಟೆಯಾದಾಗ ಅಲ್ಲಿ ಒಂದೂವರೆ. ಖಾಲಾ ಅವರ ಮೂರೂವರೆಗೆ ಎರಡೂವರೆ ಕೂಡಿಸಿ, ಆರು ಗಂಟೆ. ಬರುವಾಗಿನ ಎಂಟರಿಂದ ಎರಡೂವರೆ ಕಳೆಯಿರಿ, ಐದೂವರೆ. ಲೆಕ್ಕ ಮುಗಿಯಿತು.

"ಹಾಗಾದರೂ ಅರ್ಧ ಗಂಟೆ ಎಲ್ಲಿ ಹೋಯಿತು?" ಎಂದರು ಖಾಲಾ. ಒಳ್ಳೆಯ ಪ್ರಶ್ನೆ. ಅದು ಗಾಳಿಯ ಕೆಲಸ. ವಿಮಾನ ಹಾರುವ ಹತ್ತು-ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಚಳಿಗಾಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿ ಬೀಸುತ್ತದೆ. ಹೋಗುವಾಗ ಅದು ಎದುರಿಗೆ, ಬರುವಾಗ ಬೆನ್ನಿಗೆ.

ನೇರವಾಗಿ ಅಳೆದರೆ ಬೆಂಗಳೂರಿನಿಂದ ಜಿದ್ದಾಕ್ಕೆ ಸುಮಾರು 4,200 ಕಿಲೋಮೀಟರ್. ಭೂಪಟವನ್ನು ಮುಂದಿಟ್ಟುಕೊಂಡು ನೋಡಿ. ಕರ್ನಾಟಕದ ಕರಾವಳಿ ದಾಟಿದ ಮೇಲೆ ಬರೀ ಅರಬ್ಬೀ ಸಮುದ್ರ. ಆ ಸಮುದ್ರ ಮುಗಿದು ಒಮಾನಿನ ಕರಾವಳಿ ಕಾಣುವಾಗ ಹೆಚ್ಚುಕಡಿಮೆ ಅರ್ಧ ದಾರಿ ಮುಗಿದಿರುತ್ತದೆ. ಉಳಿದರ್ಧ ಮರಳು. ರುಬುಲ್ ಖಾಲಿ ಎಂಬ ಆ ದೊಡ್ಡ ಮರಳುಗಾಡಿನ ಹೆಸರಿಗೆ ಅರ್ಥವೇ 'ಖಾಲಿ ಕಾಲುಭಾಗ'. ಅದಾದ ಮೇಲೆ ತಾಯಿಫಿನ ಬೆಟ್ಟಗಳ ಸೀಮೆ, ಆಮೇಲೆ ಕೆಂಪು ಸಮುದ್ರದ ದಡದಲ್ಲಿ ಜಿದ್ದಾ. ವಿಮಾನಗಳು ಆ ದಿನದ ಹವಾಮಾನ, ಆಕಾಶಮಾರ್ಗ ನೋಡಿ ಸ್ವಲ್ಪ ಆಚೀಚೆ ಹೋಗುತ್ತವೆ. ಆದರೆ ನಮ್ಮ ಕಡೆಯಿಂದ ಹೋಗುವವರು ಜಿದ್ದಾವನ್ನು ಪೂರ್ವದ ದಿಕ್ಕಿನಿಂದ ಪ್ರವೇಶಿಸುತ್ತಾರೆ ಎಂಬುದನ್ನು ಮಾತ್ರ ನೆನಪಿಡಿ. ಮುಂದೆ ಅದು ಬೇಕಾಗುತ್ತದೆ.

ದುಬೈ ಮೂಲಕ ಹೋಗುವವರೂ ಬಹಳ. ಬೆಂಗಳೂರು-ದುಬೈ ಸುಮಾರು 2,700, ದುಬೈ-ಜಿದ್ದಾ ಸುಮಾರು 1,700. ಕೂಡಿಸಿದರೆ 4,400. ನೇರ ದಾರಿಗಿಂತ ಇನ್ನೂರೇ ಕಿಲೋಮೀಟರ್ ಹೆಚ್ಚು. ಆದರೆ ನಡುವೆ ಕಾಯುವ ಹೊತ್ತು ನಾಲ್ಕು ಗಂಟೆಯೂ ಆಗಬಹುದು, ಹತ್ತು ಗಂಟೆಯೂ ಆಗಬಹುದು. ಟಿಕೆಟ್ ಅಗ್ಗ ಎಂದು ವಯಸ್ಸಾದ ತಾಯಿಯನ್ನು ಕುರ್ಚಿಯ ಮೇಲೆ ಹತ್ತು ಗಂಟೆ ಕೂರಿಸುವ ಮೊದಲು ಮನೆಯವರು ಒಮ್ಮೆ ಯೋಚಿಸಲಿ.

ಹಡಗಿನ ಕಾಲದ ಪುಸ್ತಕ, ವಿಮಾನದ ಕಾಲದ ಯಾತ್ರೆ

ನಮ್ಮ ಹಿರಿಯರು ಬೊಂಬಾಯಿಗೆ ಹೋಗಿ ಹಡಗು ಹತ್ತುತ್ತಿದ್ದರು. ಅಲ್ಲಿಂದ ಜಿದ್ದಾ ಸುಮಾರು 2,300 ನಾಟಿಕಲ್ ಮೈಲಿ. ಒಂದು ಕಡೆಯ ಪ್ರಯಾಣಕ್ಕೇ ಹನ್ನೆರಡು-ಹದಿನೈದು ದಿನ. ಮುಂಬೈ-ಜಿದ್ದಾ ಹಜ್ಜ್ ಹಡಗು ನಿಂತದ್ದು 1995ರಲ್ಲಿ. ಹಡಗಿನಲ್ಲಿ ಕಷ್ಟವಿತ್ತು, ವಾಂತಿಯಿತ್ತು, ನಿಜ. ಆದರೆ ಕಲಿಯಲು ದಿನಗಳಿದ್ದವು. ಜೊತೆಯಲ್ಲಿದ್ದ ಆಲಿಮರು ದಿನವೂ ಮಸ್ಅಲಗಳನ್ನು ಹೇಳಿಕೊಡಲು ಹೊತ್ತಿತ್ತು, ಹೆಂಗಸರಿಗೆ ಎರಡೆರಡು ಸಲ ಕೇಳಲು ಹೊತ್ತಿತ್ತು. ಅದನ್ನೆಲ್ಲ ನಾವು ಆರು ಗಂಟೆಗೆ ಇಳಿಸಿದ್ದೇವೆ. ಆ ಆರರಲ್ಲಿ ಒಂದು ಗಂಟೆ ಊಟದ ತಟ್ಟೆಗೇ ಹೋಗುತ್ತದೆ.

ಇಲ್ಲಿ ಮೀಕಾತ್‌ನ ವಿಷಯ ಬರುತ್ತದೆ. ಹಜ್ಜ್ ಅಥವಾ ಉಮ್ರಾದ ಸಂಕಲ್ಪದಿಂದ ಮಕ್ಕಾಕ್ಕೆ ಹೋಗುವವರು ಇಹ್ರಾಮ್ ಇಲ್ಲದೆ ದಾಟಬಾರದ ಗಡಿಗೆ ಮೀಕಾತ್ ಎನ್ನುತ್ತಾರೆ. ಪ್ರವಾದಿ(ಸ)ರು ಮದೀನಾದವರಿಗೆ ದುಲ್ ಹುಲೈಫಾ, ಶಾಮಿನವರಿಗೆ ಜುಹ್ಫಾ, ನಜ್ದ್‌ನವರಿಗೆ ಖರ್ನುಲ್ ಮನಾಝಿಲ್, ಯಮನಿನವರಿಗೆ ಯಲಮ್‌ಲಮ್ ಎಂದು ಗೊತ್ತುಪಡಿಸಿದರು. ಆ ದಾರಿಗಳಿಂದ ಬರುವ ಬೇರೆಯವರಿಗೂ ಅವೇ ಮೀಕಾತ್‌ಗಳು.

ನಮ್ಮ ಮನೆಗಳಲ್ಲಿರುವ ಹಳೆಯ ಹಜ್ಜ್ ಪುಸ್ತಕಗಳಲ್ಲಿ ಹಿಂದೂಸ್ಥಾನದವರ ಮೀಕಾತ್ ಯಲಮ್‌ಲಮ್ ಎಂದಿರುತ್ತದೆ. ತಪ್ಪಲ್ಲ. ಹಡಗು ಏಡನ್ ಸುತ್ತಿ ದಕ್ಷಿಣದಿಂದ ಕೆಂಪು ಸಮುದ್ರದೊಳಗೆ ಬರುತ್ತಿತ್ತು, ಯಲಮ್‌ಲಮ್ ಇರುವುದು ಆ ಕಡೆ. ಆದರೆ ನಮ್ಮ ವಿಮಾನ ಬರುವುದು ಪೂರ್ವದಿಂದ. ಅದು ದಾಟುವುದು ತಾಯಿಫ್ ಕಡೆಯ ಖರ್ನುಲ್ ಮನಾಝಿಲ್‌ನ ಗೆರೆಯನ್ನು. ಇಂದು ಆ ಜಾಗಕ್ಕೆ ಸೈಲುಲ್ ಕಬೀರ್ ಎನ್ನುತ್ತಾರೆ. ವಿಮಾನದ ಕಿಟಕಿಯಿಂದ ನೋಡುತ್ತಾ, ಕೆಂಪು ಸಮುದ್ರ ಕಂಡ ಮೇಲೆ ನಿಯ್ಯತ್ ಮಾಡಿದರಾಯಿತು ಎಂದು ಕೂತರೆ, ಸಮುದ್ರ ಕಾಣುವಾಗ ಮೀಕಾತ್ ಹಿಂದೆ ಬಿದ್ದಾಗಿರುತ್ತದೆ. ಜಿದ್ದಾದಲ್ಲಿ ಇಳಿದ ಮೇಲೆ ಇಹ್ರಾಮ್ ಆಗಬಹುದೇ ಎಂಬುದರಲ್ಲಿ ನಮ್ಮ ದೇಶದ ಕೆಲವು ವಿದ್ವಾಂಸರು ಬೇರೆ ಅಭಿಪ್ರಾಯ ಹೇಳಿದ್ದುಂಟು. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ್ದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಮಾತ್ರ, ಆಕಾಶದಲ್ಲಿ ಹೋಗುವವರೂ ಮೀಕಾತ್‌ಗೆ ಮೊದಲೇ ಇಹ್ರಾಮ್‌ನಲ್ಲಿರಬೇಕೆಂದು ತೀರ್ಮಾನಿಸಿತು. ಇಬಾದತ್ತಿನಲ್ಲಿ ಸಂಶಯ ಉಳಿಸಿಕೊಳ್ಳದಿರುವುದೇ ಕ್ಷೇಮ.

ವಿಮಾನ ಗಂಟೆಗೆ 850 ಕಿಲೋಮೀಟರ್ ಓಡಿದರೆ ನಿಮಿಷಕ್ಕೆ 14 ಕಿಲೋಮೀಟರ್ ಆಯಿತು. ಐದು ನಿಮಿಷ ತೂಕಡಿಸಿದರೆ 70 ಕಿಲೋಮೀಟರ್. ಇಳಿಯುವ ಮೊದಲು ವೇಗ ಕಡಿಮೆಯಾಗುತ್ತದೆ, ಆದರೂ ಮೀಕಾತ್‌ನ ಗೆರೆ ಯಾರಿಗಾಗಿಯೂ ಕಾಯುವುದಿಲ್ಲ.

ಹತ್ತು ನಿಮಿಷದ ನಿದ್ದೆ

ನನ್ನ ಅಕ್ಕನಿಗೆ ಆದದ್ದನ್ನು ಹೇಳುತ್ತೇನೆ. ಅವಳೇ "ಬರೆ, ಇನ್ನೊಬ್ಬರಿಗಾದರೂ ಉಪಯೋಗವಾಗಲಿ" ಎಂದಿದ್ದಾಳೆ.

ಕೆಲವು ವರ್ಷಗಳ ಹಿಂದೆ ಅವಳು ಒಂದು ತಂಡದ ಜೊತೆ ಉಮ್ರಾಕ್ಕೆ ಹೊರಟಳು. ಶಿವಮೊಗ್ಗದಿಂದ ಬೆಂಗಳೂರಿಗೆ 300 ಕಿಲೋಮೀಟರ್, ರಾತ್ರಿಯ ಬಸ್ಸು. ಅದರ ಹಿಂದಿನ ರಾತ್ರಿ ಮನೆ ತುಂಬ ನೆಂಟರು, ಬೀಳ್ಕೊಡಲು ಬಂದವರಿಗೆಲ್ಲ ಚಹಾ, ದುಆಕ್ಕೆ ಹೆಸರು ಬರೆಸುವವರು ಬೇರೆ. ಬಸ್ಸಿನಲ್ಲಿ ನಿದ್ದೆಯಿಲ್ಲ. ಬೆಂಗಳೂರಿಗೆ ಬಂದು ವಿಮಾನ ನಿಲ್ದಾಣಕ್ಕೆ ಮತ್ತೊಂದು ಗಂಟೆ, ಅಲ್ಲಿ ನಾಲ್ಕು ಗಂಟೆ ಮೊದಲೇ ಹಾಜರಿ. ಸಾಮಾನು ತೂಗಿಸುವುದು, ಸಾಲು, ಮತ್ತೆ ಸಾಲು. ವಿಮಾನ ಏಳುವಾಗ ಅವಳು ಮಲಗಿ ಎರಡು ರಾತ್ರಿ ಆಗಿತ್ತು. ಟಿಕೆಟ್ಟಿನಲ್ಲಿ ಬರೆದಿರದ ಗಂಟೆಗಳೇ ಹೆಂಗಸರನ್ನು ಹೈರಾಣ ಮಾಡುವುದು.

"ಮೀಕಾತ್ ಬಂದಾಗ ವಿಮಾನದಲ್ಲಿ ಹೇಳುತ್ತಾರೆ, ಆಗ ನಿಯ್ಯತ್ ಮಾಡಿ" ಎಂದು ತಂಡದವರು ಹೇಳಿದ್ದರು. ಹೇಳಿದರು ಕೂಡ, ಅರಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಊಟವಾಗಿತ್ತು, ದೀಪ ಕಡಿಮೆ ಮಾಡಿದ್ದರು, ಅಕ್ಕ ಮತ್ತು ಅವಳ ಪಕ್ಕದ ಇಬ್ಬರು ಗಾಢ ನಿದ್ದೆಯಲ್ಲಿದ್ದರು. ಎಚ್ಚರವಾದದ್ದು ಚಕ್ರ ನೆಲಕ್ಕೆ ತಾಗಿದಾಗ. ಗಂಡಸರು ಎರಡು ಬಿಳಿ ಬಟ್ಟೆ ಸುತ್ತಿಕೊಂಡಿರುವುದರಿಂದ ಅವರಿಗೆ ಆ ಬಟ್ಟೆಯೇ ನೆನಪು ಮಾಡುತ್ತದೆ. ನಮಗೆ ಮೈ ಮುಚ್ಚುವ ಮಾಮೂಲಿ ಉಡುಪೇ ಇಹ್ರಾಮಿನ ಉಡುಪು. ಮುಖಕ್ಕೆ ಕಟ್ಟುವ ನಿಖಾಬ್, ಕೈಗವಸು ಎರಡನ್ನು ಬಿಟ್ಟರೆ ಬದಲಾವಣೆ ಏನೂ ಇಲ್ಲ. ಹಾಗಾಗಿ ಹೆಂಗಸರಲ್ಲಿ ಯಾರು ನಿಯ್ಯತ್ ಮಾಡಿದ್ದಾರೆ, ಯಾರು ಮಾಡಿಲ್ಲ ಎಂಬುದು ಪಕ್ಕದಲ್ಲಿ ಕೂತವರಿಗೂ ತಿಳಿಯುವುದಿಲ್ಲ.

ನಾಲ್ಕನೆಯವಳ ಕಥೆ ಬೇರೆ. ಅವಳು ಎಚ್ಚರವಾಗಿಯೇ ಇದ್ದಳು. ಬಸ್ಸಿನಲ್ಲಿ ಬರುವಾಗ ಮುಟ್ಟಾಗಿತ್ತು. ನಾಚಿಕೆಯಿಂದ ಯಾರಿಗೂ ಹೇಳದೆ, "ನನಗೀಗ ಇಹ್ರಾಮ್ ಇಲ್ಲ" ಎಂದು ತಾನೇ ತೀರ್ಮಾನಿಸಿ ಸುಮ್ಮನೆ ಕೂತಿದ್ದಳು.

ನಾಲ್ವರೂ ಜಿದ್ದಾ ನಿಲ್ದಾಣದಲ್ಲಿ ಅಳುತ್ತಾ ಕೂತರು. ಆಲಿಮರೊಬ್ಬರನ್ನು ವಿಚಾರಿಸಿದಾಗ, ಇಲ್ಲಿಯೇ ನಿಯ್ಯತ್ ಮಾಡಿ ಮುಂದೆ ಹೋದರೆ ದಮ್ ಕೊಡಬೇಕಾಗುತ್ತದೆ, ಅಂದರೆ ತಲಾ ಒಂದೊಂದು ಕುರಿ. ಬದಲಿಗೆ ಮೀಕಾತ್‌ಗೆ ಹಿಂದಿರುಗಿ ಅಲ್ಲಿಂದ ಇಹ್ರಾಮ್ ಆಗಿ ಬಂದರೆ ಆ ಹೊಣೆ ಇರುವುದಿಲ್ಲ ಎಂದರು. ವ್ಯಾನ್ ಮಾಡಿಕೊಂಡು ತಾಯಿಫ್ ದಾರಿಯ ಮೀಕಾತ್‌ಗೆ ಹೋದರು. ಜಿದ್ದಾದಿಂದ ಅಲ್ಲಿಗೆ ಸುಮಾರು ನೂರೈವತ್ತು ಕಿಲೋಮೀಟರ್, ಅಲ್ಲಿಂದ ಮಕ್ಕಾಕ್ಕೆ ಸುಮಾರು 80. 4,200 ಕಿಲೋಮೀಟರ್ ಆರು ಗಂಟೆಯಲ್ಲಿ ಮುಗಿದಿತ್ತು. ಹತ್ತು ನಿಮಿಷದ ನಿದ್ದೆಗೆ ಇಡೀ ರಾತ್ರಿ ಹೋಯಿತು, ಕೈಯಲ್ಲಿದ್ದ ರಿಯಾಲಿನಲ್ಲಿ ದೊಡ್ಡ ಪಾಲೂ ಹೋಯಿತು. ಅಕ್ಕ ಇವತ್ತಿಗೂ ಹೇಳುವುದು ಹಣದ ಮಾತಲ್ಲ. "ಮೊದಲ ಸಲ ಕಅಬಾ ನೋಡುವಾಗ ನನ್ನ ಕಣ್ಣು ನಿದ್ದೆಯಿಂದ ಮುಚ್ಚಿಕೊಂಡು ಬರುತ್ತಿತ್ತು" ಎನ್ನುತ್ತಾಳೆ.

ಆ ನಾಲ್ಕನೆಯ ಸಹೋದರಿಯ ವಿಷಯಕ್ಕೆ ಬರೋಣ, ಏಕೆಂದರೆ ನನ್ನ ಅನುಭವದಲ್ಲಿ ನಮ್ಮ ಹೆಂಗಸರಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಮುಟ್ಟಾದವಳಿಗೆ ಇಹ್ರಾಮ್ ಇಲ್ಲ ಎಂಬುದು ಸರಿಯಲ್ಲ. ಅವಳು ನಮಾಝ್ ಮಾಡುವುದಿಲ್ಲ, ತವಾಫ್ ಮಾಡುವುದಿಲ್ಲ. ಆದರೆ ನಿಯ್ಯತ್ ಮಾಡಬಹುದು, ತಲ್ಬಿಯಾ ಹೇಳಬಹುದು, ಇಹ್ರಾಮ್‌ನಲ್ಲೇ ಮಕ್ಕಾ ಪ್ರವೇಶಿಸಿ, ಶುದ್ಧಿಯಾದ ಮೇಲೆ ಸ್ನಾನ ಮಾಡಿ ಉಮ್ರಾ ಪೂರೈಸಬಹುದು. ಪ್ರವಾದಿ(ಸ)ರ ವಿದಾಯ ಹಜ್ಜ್‌ನ ಯಾತ್ರೆಯಲ್ಲಿ ಹಝ್ರತ್ ಅಸ್ಮಾ ಬಿಂತ್ ಉಮೈಸ್(ರ) ದುಲ್ ಹುಲೈಫಾದಲ್ಲೇ ಮಗುವಿಗೆ ಜನ್ಮ ಕೊಟ್ಟರು. ಸ್ನಾನ ಮಾಡಿ ಇಹ್ರಾಮ್ ಆಗುವಂತೆ ಅವರಿಗೆ ಪ್ರವಾದಿ(ಸ)ರು ಹೇಳಿದರು. ಅದೇ ಯಾತ್ರೆಯಲ್ಲಿ ಹಝ್ರತ್ ಆಇಶಾ(ರ) ಮುಟ್ಟಾಗಿ ಅತ್ತಾಗ ಅವರನ್ನು ಸಮಾಧಾನಪಡಿಸಿ, ತವಾಫ್ ಒಂದನ್ನು ಬಿಟ್ಟು ಹಾಜಿಗಳು ಮಾಡುವುದನ್ನೆಲ್ಲ ಮಾಡಲು ತಿಳಿಸಿದರು. ಹೆತ್ತ ಗಳಿಗೆಯಲ್ಲೂ ಮೀಕಾತ್ ಬಿಟ್ಟುಹೋಗಲಿಲ್ಲ ಎಂದ ಮೇಲೆ ನಾವೇಕೆ ನಾಚಿಕೊಂಡು ಬಾಯಿ ಮುಚ್ಚಿ ಕೂರಬೇಕು? ಟಿಕೆಟ್ ಮಾಡಿಸುವಾಗಲೇ ತಿಂಗಳ ದಿನಗಳನ್ನು ಲೆಕ್ಕ ಹಾಕಿ, ಮಕ್ಕಾದಲ್ಲಿ ಎಷ್ಟು ದಿನ ಇರುತ್ತೀರಿ ಎಂದು ನೋಡಿಕೊಳ್ಳಿ. ಗಂಡನಿಗೆ ಹೇಳಿ. ಇದು ಮುಚ್ಚಿಡುವ ವಿಷಯವಲ್ಲ.

ತಂಡ ಮೊದಲು ಮದೀನಾಕ್ಕೆ ಹೋಗುವುದಾದರೆ ವಿಮಾನದಲ್ಲಿ ಈ ಚಿಂತೆಯೇ ಇಲ್ಲ. ಮದೀನಾದಿಂದ ಮಕ್ಕಾಕ್ಕೆ ಹೊರಡುವ ದಿನ ದುಲ್ ಹುಲೈಫಾದಲ್ಲಿ ಬಸ್ಸು ನಿಲ್ಲಿಸುತ್ತಾರೆ, ಅಲ್ಲಿ ಇಹ್ರಾಮ್. ಆದ್ದರಿಂದ "ಮೊದಲು ಮಕ್ಕಾನೋ ಮದೀನಾನೋ?" ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ.

ಗಡಿಯಾರ ಬಿಡಿ, ಕಿಲೋಮೀಟರ್ ನೋಡಿ

ನೇರ ಜಿದ್ದಾಕ್ಕೆ ಹೋಗುವವರಿಗೆ ನಾನು ಹೇಳುವುದು ಇದು. ಗಡಿಯಾರ ದೇಶಕ್ಕೊಂದು. ವಿಮಾನದಲ್ಲಿ ಹೇಳುವುದು ಅರ್ಥವಾಗದೆ ಹೋಗಬಹುದು. ಆದರೆ ಹೆಚ್ಚಿನ ದೊಡ್ಡ ವಿಮಾನಗಳಲ್ಲಿ ಮುಂದಿನ ಸೀಟಿನ ಬೆನ್ನಿಗೆ ಸಣ್ಣ ಪರದೆ ಇರುತ್ತದೆ. ಅದರಲ್ಲಿ ಭೂಪಟ ತೆರೆದರೆ ವಿಮಾನ ಎಲ್ಲಿದೆ, ಉಳಿದ ದೂರ ಎಷ್ಟು ಎಂದು ಅಂಕಿಯಲ್ಲಿ ಬರುತ್ತದೆ. ಅಂಕಿ ಓದಲು ಇಂಗ್ಲಿಷ್ ಬೇಡ. ಮೀಕಾತ್‌ನಿಂದ ಜಿದ್ದಾ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 130 ಕಿಲೋಮೀಟರ್. ನೀವು 1,000 ಉಳಿದಾಗ ಎದ್ದು ವುಝೂ ಮಾಡಿ ಬನ್ನಿ, ಆಮೇಲೆ ಶೌಚಾಲಯದ ಮುಂದೆ ಸಾಲು ಬೆಳೆಯುತ್ತದೆ. 500 ಉಳಿದಾಗ ನಿಯ್ಯತ್ ಮಾಡಿ ತಲ್ಬಿಯಾ ಶುರು ಮಾಡಿ. ಮೀಕಾತ್‌ಗೆ ಸ್ವಲ್ಪ ಮೊದಲು ನಿಯ್ಯತ್ ಮಾಡಿದರೆ ತೊಂದರೆಯಿಲ್ಲ, ದಾಟಿದ ಮೇಲೆ ಮಾಡುವುದರಲ್ಲಿ ತೊಂದರೆಯಿದೆ.

ಪರದೆ ಇಲ್ಲದಿದ್ದರೆ? ಕೈಗಡಿಯಾರವನ್ನು ಭಾರತದ ಸಮಯದಲ್ಲೇ ಬಿಡಿ. ವಿಮಾನ ನೆಲ ಬಿಟ್ಟ ಹೊತ್ತನ್ನು ಬರೆದಿಡಿ. ಅಲ್ಲಿಂದ ನಾಲ್ಕೂವರೆ ಗಂಟೆಗೆ ನಿಯ್ಯತ್. ದುಬೈ ಮೂಲಕ ಹೋಗುವವರು ಮೊದಲ ವಿಮಾನದಲ್ಲಿ ನಿಶ್ಚಿಂತೆಯಿಂದ ಮಲಗಿ, ಎರಡನೆಯದರಲ್ಲಿ ಮಲಗಬೇಡಿ. ಅದು ಮೂರೇ ಗಂಟೆಯ ದಾರಿ.

ಇನ್ನೊಂದು ಸಣ್ಣ ವಿಷಯ. ಊಟದ ತಟ್ಟೆಯಲ್ಲಿ ಕೈ ಒರೆಸಲು ಒದ್ದೆ ಕಾಗದದ ಪೊಟ್ಟಣ ಇಟ್ಟಿರುತ್ತಾರೆ. ಬಹುತೇಕ ಸುಗಂಧ ಹಾಕಿದ್ದು. ನಿಯ್ಯತ್ ಆದ ಮೇಲೆ ಅದನ್ನು ಮುಟ್ಟಬೇಡಿ.

ನಮಾಝ್ ಮತ್ತು ರೋಝಾದ ವಿಷಯದಲ್ಲಿ ನಾವು ನಡೆಯುವುದು ಸೂರ್ಯನ ಲೆಕ್ಕದಲ್ಲಿ. ಈ ಸೀಮೆಯಲ್ಲಿ ಸೂರ್ಯ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪಶ್ಚಿಮಕ್ಕೆ ಸರಿಯುತ್ತಿದ್ದರೆ ನಮ್ಮ ವಿಮಾನ ಅದರ ಅರ್ಧ ವೇಗದಲ್ಲಿ ಅದರ ಬೆನ್ನು ಹತ್ತಿರುತ್ತದೆ. ಆದ್ದರಿಂದ ಹೋಗುವಾಗ ಹಗಲು ಉದ್ದ. ರಮಝಾನಿನಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟರೆ, ಬೆಂಗಳೂರಿನಲ್ಲಿ ಆರೂವರೆಗೆ ಎಲ್ಲರೂ ಖರ್ಜೂರ ಬಾಯಿಗಿಡುವಾಗ ನಿಮ್ಮ ಕಿಟಕಿಯಲ್ಲಿ ಬಿಸಿಲು ಇರುತ್ತದೆ. ಊರಿನ ಗಡಿಯಾರ ನೋಡಿ ರೋಝಾ ಬಿಡಬಾರದು. ಕೆಳಗೆ ನೆಲದಲ್ಲಿ ಕತ್ತಲಾಗಿದ್ದರೂ ಆ ಎತ್ತರದಲ್ಲಿ ಸೂರ್ಯ ಇನ್ನೂ ಹನ್ನೆರಡು-ಹದಿಮೂರು ನಿಮಿಷ ಕಾಣುತ್ತಿರಬಹುದು. ಕಾಣುವವರೆಗೆ ಮಗ್‌ರಿಬ್ ಇಲ್ಲ. ಕಷ್ಟವೆನಿಸಿದರೆ ಪ್ರಯಾಣಿಕರಿಗೆ ಆ ದಿನದ ರೋಝಾ ಬಿಟ್ಟು ಮುಂದೆ ಕಝಾ ಮಾಡುವ ರಿಯಾಯಿತಿ ಇದ್ದೇ ಇದೆ.

ಬರುವಾಗ ಇದಕ್ಕೆ ತದ್ವಿರುದ್ಧ. ನೀವು ಪೂರ್ವಕ್ಕೆ, ಸೂರ್ಯ ಪಶ್ಚಿಮಕ್ಕೆ. ಚಳಿಗಾಲದಲ್ಲಿ ಜಿದ್ದಾದಲ್ಲಿ ಮಗ್‌ರಿಬ್ ಆಗುವುದು ಮುಕ್ಕಾಲು ಆರರ ಹೊತ್ತಿಗೆ. ಖಾಲಾ ಅವರ ಮೂರು ಗಂಟೆಯ ವಿಮಾನದಲ್ಲಿ ಕೂತವರಿಗೆ ಅದೇ ಗಡಿಯಾರದಲ್ಲಿ ಐದರ ಸುಮಾರಿಗೇ ಸೂರ್ಯ ಮುಳುಗಿರುತ್ತದೆ. ಊಟ ಮುಗಿಸಿ ಅಸರ್ ಮಾಡೋಣ ಎಂದು ಕೂತರೆ ಅಸರ್ ಕಳೆದುಹೋಗುತ್ತದೆ. ಶಾಫಿಈ ಮಝ್‌ಹಬಿನವರು ನಿಲ್ದಾಣದಲ್ಲಿಯೇ ಝುಹರ್ ಜೊತೆ ಅಸರನ್ನು ಜಮಾ ಮಾಡಿಕೊಳ್ಳಬಹುದು. ಹನಫಿಗಳು ವುಝೂ ಮಾಡಿಯೇ ವಿಮಾನ ಹತ್ತಲಿ, ಹೊತ್ತಾದ ಕೂಡಲೇ ಮುಗಿಸಲಿ. ಖಸ್ರ್‌ನಲ್ಲಿ ಅದು ಎರಡೇ ರಕಅತ್.

ಖಾಲಾ ಅವರಿಗೆ ಸಕ್ಕರೆ ಕಾಯಿಲೆ ಇದೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಹೋಗುವ ದಿನ ಅವರಿಗೆ ಇಪ್ಪತ್ತಾರೂವರೆ ಗಂಟೆಯ ದಿನ, ಬರುವ ದಿನ ಇಪ್ಪತ್ತೊಂದೂವರೆ ಗಂಟೆಯದು. ಎರಡು ಚುಚ್ಚುಮದ್ದಿನ ನಡುವಿನ ಅಂತರ ಬದಲಾಗುತ್ತದೆ. ಇದನ್ನು ನನ್ನನ್ನಾಗಲಿ ತಂಡದವರನ್ನಾಗಲಿ ಕೇಳಬಾರದು, ಟಿಕೆಟ್ ತೋರಿಸಿ ವೈದ್ಯರನ್ನೇ ಕೇಳಬೇಕು. ಮದ್ದು ಮತ್ತು ವೈದ್ಯರ ಚೀಟಿ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕೆಳಗೆ ಕಳಿಸಬೇಡಿ.

ಇದನ್ನೆಲ್ಲ ನಾನು ಖಾಲಾಗೆ ಒಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. 1,000, ಅದರ ಮುಂದೆ 'ವುಝೂ'. 500, ಅದರ ಮುಂದೆ 'ನಿಯ್ಯತ್'. ಅವರು ಅದನ್ನು ಪಾಸ್‌ಪೋರ್ಟಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡರು. ಹೊರಡುವ ಹಿಂದಿನ ರಾತ್ರಿ ಎಂಟು ಗಂಟೆಗೇ ಅವರ ಮನೆಯ ಬಾಗಿಲು ಹಾಕಿತ್ತು. ಬಂದ ನೆಂಟರನ್ನು ಸೊಸೆ ನಮ್ಮ ಮನೆಗೆ ಕಳಿಸಿದಳು, ಚಹಾ ನಾನೇ ಕೊಟ್ಟೆ.

ಮರುದಿನ ಸಂಜೆ ಮಕ್ಕಾದಿಂದ ಫೋನ್ ಬಂತು. "ಬೇಟಿ, 500 ಬರುವಾಗ ನಾನು ನಿಯ್ಯತ್ ಮಾಡಿದೆ. ಪಕ್ಕದಲ್ಲಿ ಗುಲ್ಬರ್ಗಾದ ಇಬ್ಬರು ಮಲಗಿದ್ದರು. ಅವರನ್ನೂ ಎಬ್ಬಿಸಿದೆ."